ಔಷಧಿ ಯಾವ ಬ್ಯಾಗಲ್ಲಿರಬೇಕು? ಅಪ್ಪನ ಜೊತೆ ವಿಮಾನದಲ್ಲಿ ಹೋಗಿಬಂದ ಅನುಭವ

ವಿಮಾನದ ಬಾಗಿಲಿಗೆ ಇನ್ನು ಇಪ್ಪತ್ತು ಹೆಜ್ಜೆ ಇತ್ತು. ಸಿಬ್ಬಂದಿಯೊಬ್ಬರು ಬಂದು, ಒಳಗೆ ಮೇಲೆ ಜಾಗ ತುಂಬಿದೆ, ಚಕ್ರದ ಬ್ಯಾಗುಗಳನ್ನೆಲ್ಲ ಕೆಳಗೆ ಹಾಕುತ್ತೇವೆ ಎಂದು ಒಂದೊಂದಕ್ಕೂ ಚೀಟಿ ಕಟ್ಟತೊಡಗಿದರು. ನಮ್ಮದಕ್ಕೂ ಕಟ್ಟಿದರು. ನಾನು ಕೊಟ್ಟುಬಿಟ್ಟೆ. ಅಪ್ಪ ನನ್ನ ತೋಳು ಹಿಡಿದು, "ಲೋ, ಇನ್ಸುಲಿನ್ ಅದರಲ್ಲೇ ಇದೆಯಲ್ಲೋ" ಅಂದರು.

ಓಡಿ ಹೋಗಿ ಬ್ಯಾಗು ವಾಪಸ್ ಕೇಳಿದೆ. ಜನ ಪಕ್ಕದಿಂದ ದಾಟಿಕೊಂಡು ಹೋಗುತ್ತಿದ್ದರು. ನೆಲದ ಮೇಲೆ ಜಿಪ್ ಬಿಚ್ಚಿ, ಬಟ್ಟೆಗಳ ಅಡಿಯಿಂದ ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ನು, ಸೂಜಿ, ಮಾತ್ರೆ ಎಲ್ಲ ಹುಡುಕಿ ತೆಗೆದು ಜಾಕೆಟ್ಟಿನ ಜೇಬಿಗೆ ತುಂಬಿಕೊಂಡೆ. ಅಪ್ಪ ಏನೂ ಅನ್ನಲಿಲ್ಲ. ಆದರೆ ಸೀಟಿನಲ್ಲಿ ಕೂತ ಮೇಲೆ ಎರಡು ಸಲ ನನ್ನ ಜೇಬು ಮುಟ್ಟಿ ನೋಡಿದರು.

ಔಷಧಿಯನ್ನು ಹ್ಯಾಂಡ್ ಲಗೇಜಲ್ಲಿ ಇಟ್ಟುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಅಷ್ಟು ಸಾಲದು. ಹ್ಯಾಂಡ್ ಲಗೇಜು ಕೂಡ ಕೊನೇ ಗಳಿಗೆಯಲ್ಲಿ ನಿಮ್ಮ ಕೈ ಬಿಟ್ಟು ಹೋಗಬಹುದು. ಹಾಗಾಗಿ ಔಷಧಿ ಇರಬೇಕಾದದ್ದು ಮುಂದಿನ ಸೀಟಿನ ಕೆಳಗೆ ಹಿಡಿಸುವಂಥ, ಹೆಗಲಿಗೆ ಹಾಕಿಕೊಳ್ಳುವ ಚಿಕ್ಕ ಬ್ಯಾಗಲ್ಲಿ. ಪವರ್ ಬ್ಯಾಂಕ್ ಕೂಡ ಅದರಲ್ಲೇ ಇರಲಿ. ಅದನ್ನು ಕೆಳಗಿನ ಲಗೇಜಿಗೆ ಹಾಕಲು ಬಿಡುವುದಿಲ್ಲ. ಚಕ್ರದ ಬ್ಯಾಗು ಕೊಡಬೇಕಾಗಿ ಬಂದರೆ ಅದನ್ನೂ ಹುಡುಕಿ ತೆಗೆಯಬೇಕಾಗುತ್ತದೆ.

ಕೆಳಗೆ ಹೋದರೆ ಏನಾಗುತ್ತದೆ ಅಂತ ಕೇಳಬಹುದು. ವಿಮಾನದ ಹೊಟ್ಟೆಯಲ್ಲಿ ಚಳಿ ಜಾಸ್ತಿ ಆಗಬಹುದು. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಮುಗೀತು. ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಂಡರೂ ಬಳಸುವ ಹಾಗಿಲ್ಲ. ಇನ್ನು ಬಿಪಿ ಮಾತ್ರೆಗೆ ಚಳಿಯಿಂದ ತೊಂದರೆ ಇಲ್ಲದಿರಬಹುದು, ಆದರೆ ಬ್ಯಾಗು ಎರಡು ದಿನ ತಡವಾಗಿ ಬಂದರೆ ಅಷ್ಟು ದಿನ ಮಾತ್ರೆ ಇಲ್ಲ ಅಲ್ವಾ?

ಎಷ್ಟು ಒಯ್ಯಬೇಕು? ಪ್ರವಾಸದ ದಿನಗಳಿಗೆ ಬೇಕಾದಷ್ಟು, ಮೇಲೆ ಕೆಲವು ದಿನಕ್ಕೆ ಆಗುವಷ್ಟು. ವಿಮಾನ ರದ್ದಾಗುವುದು ಅಪರೂಪವೇನಲ್ಲ. ಇನ್ಸುಲಿನ್ ಆದರೆ ಒಂದು ಪೆನ್ನು ಹೆಚ್ಚಿಗೆ ಇರಲಿ, ಬಿದ್ದು ಒಡೆಯಬಹುದು. ವಾರದ ಮಾತ್ರೆಗಳನ್ನು ಬೆಳಿಗ್ಗೆ, ರಾತ್ರಿ ಅಂತ ಜೋಡಿಸಿಡುವ ಡಬ್ಬಿ ಮನೆಯಲ್ಲಿ ಅನುಕೂಲ, ಪ್ರಯಾಣದಲ್ಲಿ ಅಲ್ಲ. ಬರೀ ಬಿಳಿ ಮಾತ್ರೆ ನೋಡಿ ಅದು ಯಾವುದು ಎಂದು ಯಾರಿಗೂ ಹೇಳಲಾಗದು. ಮೂಲ ಪೆಟ್ಟಿಗೆಯಲ್ಲೇ ಇರಲಿ. ಸ್ಟ್ರಿಪ್ ಕತ್ತರಿಸಲೇಬೇಕಾದರೆ ಹೆಸರು ಮತ್ತು ಎಕ್ಸ್‌ಪೈರಿ ದಿನಾಂಕ ಅಚ್ಚಾಗಿರುವ ತುದಿಯನ್ನು ಉಳಿಸಿಕೊಳ್ಳಿ. ನಾನು ಎರಡು ಸ್ಟ್ರಿಪ್‌ಗಳ ಆ ತುದಿಯನ್ನೇ ಕತ್ತರಿಸಿ ಎಸೆದಿದ್ದೆ. ಆಮೇಲೆ ಅವೆರಡನ್ನೂ ಮನೆಯಲ್ಲೇ ಬಿಟ್ಟು ಹೊಸದು ತಂದೆ.

ಡಾಕ್ಟರ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆ ಔಷಧಿಯ ಮೂಲ ಹೆಸರನ್ನೂ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಕಂಪನಿ ಇಟ್ಟ ಹೆಸರು ಗಡಿ ದಾಟಿದರೆ ಯಾರಿಗೂ ಗೊತ್ತಿರುವುದಿಲ್ಲ. ಮೂಲ ಹೆಸರೂ ಕೆಲವು ಸಲ ಬದಲಾಗುತ್ತದೆ. ಪ್ಯಾರಾಸಿಟಮಾಲ್‌ಗೆ ಅಮೆರಿಕದಲ್ಲಿ ಅಸಿಟಮಿನೋಫೆನ್ ಎನ್ನುತ್ತಾರೆ, ಉಬ್ಬಸದ ಸಾಲ್ಬುಟಮಾಲ್‌ಗೆ ಆಲ್ಬ್ಯುಟೆರಾಲ್. ಚೀಟಿಯ ಹೆಸರೂ ಪಾಸ್‌ಪೋರ್ಟಿನ ಹೆಸರೂ ಒಂದೇ ಇರಲಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಿಮ್ಮ ಡಾಕ್ಟರೇ ಬರೆದುಕೊಟ್ಟ ಔಷಧಿ ಇನ್ನೊಂದು ದೇಶದಲ್ಲಿ ನಿಷಿದ್ಧ ಆಗಿರಬಹುದು. ಕೊಡೀನ್, ಟ್ರಮಡಾಲ್‌ನಂಥ ನೋವಿನ ಔಷಧಿಗಳಿಗೆ ಯುಎಇಯಲ್ಲಿ ಮುಂಚೆಯೇ ಅನುಮತಿ ಬೇಕು. ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿ ಎಂಬ ತೊಂದರೆಗೆ ಕೊಡುವ ಆಂಫೆಟಮಿನ್ ಮಾತ್ರೆಯನ್ನು ಜಪಾನಿಗೆ ಚೀಟಿ ಇದ್ದರೂ ತರುವ ಹಾಗಿಲ್ಲ. ಅಲ್ಲಿ ಸ್ಯೂಡೋಎಫೆಡ್ರಿನ್ 10 ಶೇಕಡಕ್ಕಿಂತ ಹೆಚ್ಚಿರುವ ನೆಗಡಿ ಮಾತ್ರೆಗೂ ನಿಷೇಧ ಇದೆ. ಟಿಕೆಟ್ ಮಾಡಿಸಿದ ವಾರದಲ್ಲೇ ಆ ದೇಶದ ರಾಯಭಾರ ಕಚೇರಿಯ ಜಾಲತಾಣ ನೋಡಿ. ವಿಮಾನ ಬದಲಾಯಿಸುವ ದೇಶದ್ದೂ ನೋಡಿ.

ಈಗ ತಪಾಸಣೆಯ ವಿಷಯ. 2006ರ ಆಗಸ್ಟ್‌ನಲ್ಲಿ, ತಂಪು ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ತುಂಬಿ ಲಂಡನ್‌ನಿಂದ ಹೊರಡುವ ವಿಮಾನಗಳನ್ನು ಸ್ಫೋಟಿಸುವ ಸಂಚು ಬಯಲಾಯಿತು. 100 ಎಂಎಲ್ ನಿಯಮ ಹುಟ್ಟಿದ್ದು ಅಲ್ಲಿಂದ. ಒಂದೊಂದು ಬಾಟಲಿ 100 ಎಂಎಲ್ ಮೀರಬಾರದು, ಎಲ್ಲವೂ ಒಂದು ಲೀಟರಿನ ಪಾರದರ್ಶಕ ಜಿಪ್ ಕವರಿನಲ್ಲಿ ಹಿಡಿಸಬೇಕು. ಒಳಗೆ ಎಷ್ಟು ಉಳಿದಿದೆ ಅನ್ನುವುದು ಲೆಕ್ಕಕ್ಕಿಲ್ಲ, ಬಾಟಲಿಯ ಮೇಲೆ ಬರೆದ ಅಳತೆಯೇ ಲೆಕ್ಕ. ಅಪ್ಪನ ದೊಡ್ಡ ಟೂತ್‌ಪೇಸ್ಟ್ ಕಾಲುಭಾಗ ಮಾತ್ರ ಉಳಿದಿತ್ತು, ಆದರೂ ಕಸದ ಬುಟ್ಟಿ ಸೇರಿತು. ಪೇಸ್ಟು, ಕ್ರೀಮು, ಜೆಲ್, ಶೇವಿಂಗ್ ಫೋಮ್, ಮಸ್ಕಾರಾ ಎಲ್ಲವೂ ದ್ರವದ ಲೆಕ್ಕವೇ. ಈಗ ಕೆಲವು ವಿಮಾನ ನಿಲ್ದಾಣಗಳಲ್ಲಿ ಹೊಸ ಸ್ಕ್ಯಾನರ್ ಬಂದು ಈ ಮಿತಿ ಸಡಿಲ ಆಗಿದೆ. ಅದನ್ನು ನಂಬಿ ದೊಡ್ಡ ಬಾಟಲಿ ತೆಗೆದುಕೊಂಡು ಹೋದರೆ ವಾಪಸ್ ಬರುವಾಗ ಸಿಕ್ಕಿಹಾಕಿಕೊಳ್ಳುತ್ತೀರಿ.

ಔಷಧಿಗೆ ಸಾಮಾನ್ಯವಾಗಿ ಈ ಮಿತಿ ಇಲ್ಲ, ಪ್ರಯಾಣಕ್ಕೆ ಬೇಕಾದಷ್ಟು ಒಯ್ಯಬಹುದು. ಆದರೆ ಕೇಳುವ ಮೊದಲೇ ನಾವೇ ಹೇಳಬೇಕು. ನಾನು ಇನ್ಸುಲಿನ್ ಇರುವ ಚೀಲವನ್ನು ಬೇರೆ ಟ್ರೇಯಲ್ಲಿ ಇಟ್ಟು, ಮೇಲೆ ಡಾಕ್ಟರ ಚೀಟಿ ಇಟ್ಟು, "ಇದು ಔಷಧಿ, ಸೂಜಿಯೂ ಇದೆ" ಎಂದೆ. ತಪಾಸಣೆಯ ಮಹಿಳೆ ತಂಪಿನ ಜೆಲ್ ಪ್ಯಾಕ್ ಎತ್ತಿ ಒತ್ತಿ ನೋಡಿದರು. ಪೆಟ್ಟಿಗೆಯ ಮೇಲಿನ ಹೆಸರು ಓದಿ ಅಪ್ಪನ ಪಾಸ್‌ಪೋರ್ಟ್ ನೋಡಿದರು. ಎರಡೇ ನಿಮಿಷ, ಮುಗಿಯಿತು. ಮೈಮೇಲೆ ಇನ್ಸುಲಿನ್ ಪಂಪು ಅಥವಾ ಸಕ್ಕರೆ ನೋಡುವ ಸೆನ್ಸರ್ ಇದ್ದವರು ಸ್ಕ್ಯಾನರ್ ಬಗ್ಗೆ ಅದರ ಕೈಪಿಡಿ ಏನು ಹೇಳುತ್ತದೆ ಎಂದು ಮೊದಲೇ ಓದಿಕೊಳ್ಳಿ. ಬೇಡ ಎಂದಿದ್ದರೆ ಕೈಯಿಂದ ತಪಾಸಣೆ ಮಾಡಿ ಎಂದು ಕೇಳಬಹುದು.

ಜೆಲ್ ಪ್ಯಾಕ್ ಎಂದೆನಲ್ಲ, ಅದನ್ನು ಇನ್ಸುಲಿನ್‌ಗೆ ನೇರ ತಾಗಿಸಬೇಡಿ, ನಡುವೆ ಬಟ್ಟೆ ಇರಲಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಳಸಲು ಶುರುಮಾಡಿದ ಪೆನ್ನು ಸಾಮಾನ್ಯ ತಾಪಮಾನದಲ್ಲಿ ಸುಮಾರು ನಾಲ್ಕು ವಾರ ತಡೆಯುತ್ತದೆ, ಆದರೆ ಇದು ಒಂದೊಂದಕ್ಕೆ ಒಂದೊಂದು ಥರ, ಪೆಟ್ಟಿಗೆಯೊಳಗಿನ ಕಾಗದ ನೋಡಿ. ವಿಮಾನದ ಫ್ರಿಜ್ಜಿನಲ್ಲಿ ಇಟ್ಟುಕೊಡುತ್ತಾರೆ ಎಂದು ನಂಬಿಕೊಂಡು ಹೋಗಬೇಡಿ.

ಸಮಯದ ಲೆಕ್ಕ ನಮಗೆ ಜಾಸ್ತಿ ತಲೆಬಿಸಿ ಮಾಡಿತು. ಪೂರ್ವಕ್ಕೆ ಹೋದರೆ ದಿನ ಚಿಕ್ಕದಾಗುತ್ತದೆ, ಪಶ್ಚಿಮಕ್ಕೆ ಹೋದರೆ ಉದ್ದ. ಇನ್ಸುಲಿನ್ ಹಾಕಿಕೊಳ್ಳುವವರು ಇದನ್ನು ಅಂದಾಜಿನಲ್ಲಿ ಮಾಡಬಾರದು. ಹೊರಡುವ ಮೊದಲು ಡಾಕ್ಟರ ಹತ್ತಿರ ಕೂತು ಯಾವ ಹೊತ್ತಿಗೆ ಎಷ್ಟು ಎಂದು ಬರೆಸಿಕೊಂಡೆವು. ಅಪ್ಪ ಇಳಿಯುವವರೆಗೂ ಕೈಗಡಿಯಾರವನ್ನು ಮನೆಯ ಸಮಯಕ್ಕೇ ಇಟ್ಟುಕೊಂಡರು, ನಾನು ಮೊಬೈಲಲ್ಲಿ ಅಲಾರಂ ಇಟ್ಟೆ.

ಸೋಪು, ಶಾಂಪೂ ವಿಷಯಕ್ಕೆ ಇಷ್ಟು ಯೋಚನೆ ಬೇಕಿಲ್ಲ. ಗಟ್ಟಿ ಸೋಪು, ಬಿಲ್ಲೆಯಂತಿರುವ ಶಾಂಪೂ, ಹಲ್ಲುಪುಡಿ ಒಯ್ದರೆ ದ್ರವದ ಕವರಿನಲ್ಲಿ ಜಾಗ ಉಳಿಯುತ್ತದೆ. ಕಾರ್ಟ್ರಿಜ್ ಇರುವ ರೇಜರ್‌ಗೆ ಸಾಮಾನ್ಯವಾಗಿ ತಕರಾರು ಇಲ್ಲ, ಬಿಡಿ ಬ್ಲೇಡು ಬೇಡ. ಮೇಲೆ ಹಾರುವಾಗ ಒಳಗಿನ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಇದ್ದಷ್ಟು ಇಳಿಯುತ್ತದೆ, ಟ್ಯೂಬು ಉಬ್ಬಿ ಸೋರುತ್ತದೆ. ಮುಚ್ಚಳ ಹಾಕುವ ಮೊದಲು ಹಿಂಡಿ ಗಾಳಿ ತೆಗೆಯಿರಿ. ಇದೇ ಕಾರಣಕ್ಕೆ ಇನ್ಸುಲಿನ್ ಪೆನ್ನಿಗೆ ಸೂಜಿ ಸಿಕ್ಕಿಸಿಯೇ ಇಡಬಾರದು, ಒಳಗೆ ಗಾಳಿಗುಳ್ಳೆ ಸೇರುತ್ತದೆ. ಒಳಗಿನ ಗಾಳಿ ತುಂಬ ಒಣ, ಅಪ್ಪನ ಕಣ್ಣು ಮೂರನೇ ಗಂಟೆಗೇ ಉರಿಯತೊಡಗಿತು. ಕಣ್ಣಿನ ಡ್ರಾಪ್ಸ್, ತುಟಿಗೆ ಹಚ್ಚುವ ಮುಲಾಮು ಚಿಕ್ಕ ಬ್ಯಾಗಿನ ಮೇಲ್ಜೇಬಿನಲ್ಲೇ ಇರಲಿ.

ಬಳಸಿದ ಸೂಜಿಗೆ ಮುಚ್ಚಳ ಇರುವ ಒಂದು ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಒಯ್ಯಿರಿ. ಸೀಟಿನ ಮುಂದಿನ ಜೇಬಿಗೋ ಊಟದ ತಟ್ಟೆಗೋ ಹಾಕಿದರೆ ಸ್ವಚ್ಛ ಮಾಡುವವರ ಕೈಗೆ ಚುಚ್ಚುತ್ತದೆ. ಅಪ್ಪ ನಾಲ್ಕು ಸೂಜಿಗಳನ್ನು ಹಾಗೆ ಡಬ್ಬಿಗೆ ಹಾಕಿ, ಇಳಿದ ಮೇಲೆ ಆಸ್ಪತ್ರೆಯೊಂದರಲ್ಲಿ ಕೇಳಿ ಅವರ ಸೂಜಿ ಪೆಟ್ಟಿಗೆಗೆ ಹಾಕಿ ಬಂದರು.