ಮೂತಿಗಿಂತ ನೆತ್ತಿ ನೋಡಿ

ದಾಂಡೇಲಿಯಲ್ಲಿ ಕಾಳಿ ನದಿ ದಂಡೆಗೆ ಪ್ರವಾಸಿಗರನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ‘ಇದು ಅಲಿಗೇಟರ್ ಅಲ್ವಾ?’ ಅಂತ ಆಗಾಗ ಕೇಳುತ್ತಾರೆ. ನಮ್ಮ ಮಗ್ಗರ್ ಮೊಸಳೆಯ ಮೂತಿ ಅಷ್ಟು ಅಗಲ. ಬಾಯಿ ಮುಚ್ಚಿದರೂ ಹೊರಗೆ ಕಾಣುವ ಕೆಳದವಡೆಯ ನಾಲ್ಕನೇ ಹಲ್ಲನ್ನು ತೋರಿಸುತ್ತೇನೆ. ಅಲಿಗೇಟರ್‌ಗೂ ಅದರ ಹತ್ತಿರದ ನೆಂಟ, ಮಧ್ಯ ಮತ್ತು ದಕ್ಷಿಣ ಅಮೆರಿಕದ ಕೇಮನ್‌ಗೂ ಆ ಹಲ್ಲು ಮೇಲ್ದವಡೆಯ ಗುಳಿಯೊಳಗೆ ಹೋಗಿಬಿಡುತ್ತದೆ.

ಮೂತಿಯ ಆಕಾರ ತಿನ್ನುವ ಆಹಾರಕ್ಕೆ ತಕ್ಕಂತೆ ಬದಲಾಗುತ್ತದೆ. ಅದನ್ನೇ ನಂಬಿ ನೆಂಟಸ್ತನ ಹೇಳಬಾರದು. ದಕ್ಷಿಣ ಅಮೆರಿಕದ ಅಳಿದುಹೋದ ಕೇಮನ್‌ಗಳ ಬಗ್ಗೆ ಓದಿದಷ್ಟೂ ಇದು ನನಗೆ ಗಟ್ಟಿಯಾಗುತ್ತಿದೆ.

ಕೊಲಂಬಿಯಾದ ಲಾ ವೆಂಟಾದಲ್ಲಿ ಸಿಕ್ಕ ಪಳೆಯುಳಿಕೆಗೆ ವಿಜ್ಞಾನಿ ವಾನ್ ಲ್ಯಾಂಗ್‌ಸ್ಟನ್ 1965ರಲ್ಲಿ ನೆಟ್ಟೋಸೂಕಸ್ ಅಂತ ಹೆಸರಿಟ್ಟರು. ಮೂತಿ ಬಾತುಕೋಳಿ ಕೊಕ್ಕಿನ ಹಾಗೆ ಉದ್ದ, ಅಗಲ, ಚಪ್ಪಟೆ. ಸಣ್ಣ ಸಣ್ಣ ಹಲ್ಲು, ತೀರಾ ಸಪೂರ ಕೆಳದವಡೆ. ದೊಡ್ಡ ಬೇಟೆಯನ್ನು ಕಚ್ಚಿ ಎಳೆಯುವ ಬಾಯಿ ಖಂಡಿತ ಅಲ್ಲ. ಇದಕ್ಕಾಗಿ ಹೊಸ ಕುಟುಂಬವನ್ನೇ ಮಾಡಿದರು. ಆದರೆ ಹಿಂದಿನ ವರ್ಷವೇ ಬ್ರೆಜಿಲ್‌ನ ವಿಜ್ಞಾನಿ ಪ್ರೈಸ್ ಇಂಥದ್ದೇ ಪ್ರಾಣಿಗೆ ಮೌರಾಸೂಕಸ್ ಅಂದಿದ್ದರು. ಹಳೆಯ ಹೆಸರೇ ಉಳಿಯಿತು. ಈಗ ಅದನ್ನು ಕೇಮನ್ ಗುಂಪಿಗೇ ಸೇರಿಸಿದ್ದಾರೆ, ಅದೂ ಪುರುಸ್ಸಾರಸ್ ಅನ್ನುವ ಅಳಿದುಹೋದ ದೈತ್ಯ ಕೇಮನ್ ಪಕ್ಕದಲ್ಲಿ!

ಪುರುಸ್ಸಾರಸ್ ಅಂದರೆ ಸುಮಾರು 1.4 ಮೀಟರ್ ಉದ್ದದ ತಲೆಬುರುಡೆ, ದಪ್ಪ ಹಲ್ಲು, ಮೂತಿಯ ಮೇಲೆ ಭಾರಿ ಮೂಗಿನ ತೂತು. ಎರಡನ್ನೂ ಎದುರುಬದುರು ಇಟ್ಟರೆ ನೆಂಟರು ಅಂತ ಯಾರೂ ಹೇಳುವುದಿಲ್ಲ.

ಅದಕ್ಕೇ ಕಣ್ಣಿನ ಹಿಂದಿನ ಚಪ್ಪಟೆ ನೆತ್ತಿಯನ್ನು ನೋಡಬೇಕು. ಅದರ ಹಿಂದಿನ ಅಂಚಿನ ನಡುವೆ ಸುಪ್ರಾಆಕ್ಸಿಪಿಟಲ್ ಅನ್ನುವ ಮೂಳೆ ಇದೆ. ಮಗ್ಗರ್ ಥರದ ಮೊಸಳೆಗಳಲ್ಲಿ ಮೇಲಿನಿಂದ ಅದು ಚೂರೇ ಚೂರು ಕಾಣುತ್ತದೆ. ಕೇಮನ್‌ಗಳಲ್ಲಿ ದೊಡ್ಡದಾಗಿ ಎದ್ದು ಕಾಣುತ್ತದೆ. ಇಂಥ ಹತ್ತಾರು ಗುರುತುಗಳನ್ನು ಸೇರಿಸಿಯೇ ವಂಶವೃಕ್ಷ ಕಟ್ಟುವುದು. ಪೆರುವಿನ ಇಕಿಟೋಸ್ ಹತ್ತಿರ ಸಿಕ್ಕಿ 2015ರಲ್ಲಿ ಹೆಸರು ಪಡೆದ ನಾಟುಸೂಕಸ್ ಕೂಡ ಕೇಮನ್ ಕಡೆಯದೇ. ಸುಮಾರು 1.3 ಕೋಟಿ ವರ್ಷ ಹಿಂದಿನದು. ಮೋಟು ಮೂತಿ, ಹಿಂದಿನ ಹಲ್ಲುಗಳು ಗುಂಡಗೆ. ಚಿಪ್ಪುಜೀವಿಗಳನ್ನು ಒಡೆದು ತಿನ್ನುತ್ತಿತ್ತು ಅಂತ ವಿಜ್ಞಾನಿಗಳ ಲೆಕ್ಕ.

ನೆತ್ತಿಯನ್ನೂ ಸುಮ್ನೆ ನಂಬುವ ಹಾಗಿಲ್ಲ ಅನ್ನಿ. ಈಗಲೂ ಬದುಕಿರುವ ಪೇಲಿಯೋಸೂಕಸ್ ಕೇಮನ್‌ಗಳಲ್ಲಿ ನೆತ್ತಿಯ ತೂತುಗಳು ಬೆಳೆಯುತ್ತಾ ಮುಚ್ಚಿಹೋಗುತ್ತವೆ. ಮರಿಯ ಬುರುಡೆ ಒಂದು ಥರ, ದೊಡ್ಡದರದ್ದು ಇನ್ನೊಂದು ಥರ. ಹಾಗಾಗಿ ಮೂತಿಯ ತುಣುಕೊಂದನ್ನೇ ಹಿಡಿದು ಹೊಸ ಜಾತಿ ಅಂದರೆ ನನಗೆ ಒಪ್ಪಿಗೆಯಿಲ್ಲ. ಮೊದಲು ಇವತ್ತಿನ ಕೇಮನ್‌ಗಳ ಬುರುಡೆಗಳನ್ನು ಮರಿಯಿಂದ ಮುದಿಯವರೆಗೆ ಸಾಲಾಗಿ ಇಟ್ಟು ಅಳೆಯಲಿ, ಆಮೇಲೆ ಹೆಸರು ಇಡಲಿ.