ಆನಿ ಎರ್ನೋ: ಯಾವ ಪುಸ್ತಕ ಮೊದಲು?

2022ರಲ್ಲಿ ಸಾಹಿತ್ಯದ ನೊಬೆಲ್ ಬಂತಲ್ಲ, ಅಂದಿನಿಂದ ಫ್ರೆಂಚ್ ಲೇಖಕಿ ಆನಿ ಎರ್ನೋ ಅವರನ್ನು ಓದಲು ಹೊರಡುವವರು ಸಾಮಾನ್ಯವಾಗಿ ಮೊದಲು ಕೈಗೆತ್ತಿಕೊಳ್ಳುವುದು ‘ದಿ ಇಯರ್ಸ್’. ಅಲ್ಲೇ ಎಡವುತ್ತಾರೆ. ಅದು ಕೊನೆಗೆ ಓದಬೇಕಾದ ಪುಸ್ತಕ.

ಅಪ್ಪನ ಬಗ್ಗೆ ಬರೆದ ‘ಎ ಮ್ಯಾನ್ಸ್ ಪ್ಲೇಸ್’ನಿಂದ ಶುರು ಮಾಡಿ. ನೂರು ಪುಟದ ಆಸುಪಾಸು, ಒಂದು ಭಾನುವಾರಕ್ಕೆ ಸಾಕು. ಎರ್ನೋ ಹುಟ್ಟಿದ್ದು 1940ರಲ್ಲಿ, ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದ ಲಿಲ್‌ಬೊನ್‌ನಲ್ಲಿ. ಬೆಳೆದದ್ದು ಇವ್ತೋ ಎಂಬ ಸಣ್ಣ ಪಟ್ಟಣದಲ್ಲಿ. ಅಪ್ಪ ಮೊದಲು ಹೊಲದ ಆಳು, ಆಮೇಲೆ ಕಾರ್ಖಾನೆ ಕೆಲಸಗಾರ, ಕೊನೆಗೆ ಹೆಂಡತಿಯ ಜೊತೆ ಒಂದು ಕೆಫೆ ಮತ್ತು ಕಿರಾಣಿ ಅಂಗಡಿ. ಮಗಳು ಮೇಷ್ಟ್ರಾಗುವ ಪರೀಕ್ಷೆ ಪಾಸಾದ ಎರಡು ತಿಂಗಳಿಗೆ ಅಪ್ಪ ತೀರಿಕೊಳ್ಳುತ್ತಾನೆ. ಪುಸ್ತಕ ತೆರೆದುಕೊಳ್ಳುವುದು ಹೀಗೆ.

ಕಥೆ ಇಷ್ಟೇ. ಆದರೆ ನಾಗಮಂಗಲದಿಂದಲೋ ಕೆ.ಆರ್. ಪೇಟೆಯಿಂದಲೋ ಮಾನಸಗಂಗೋತ್ರಿಗೆ ಬಂದು, ಹಾಸ್ಟೆಲಿನಲ್ಲಿ ‘ಬುಡ್ಲಾ’ ಅನ್ನುವಂಥ ತಮ್ಮೂರ ಮಾತನ್ನು ನುಂಗಿಕೊಂಡ ಮೊದಲ ತಲೆಮಾರಿನ ವಿದ್ಯಾವಂತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಓದಿದ ಮಗಳ ಮುಂದೆ ಮಾತು ತಪ್ಪೀತೆಂದು ಅಪ್ಪನಿಗೆ ಅಳುಕು, ಅಪ್ಪನ ಮಾತಿಗೆ ಮಗಳಿಗೆ ನಾಚಿಕೆ, ಆ ನಾಚಿಕೆಗೆ ಮತ್ತೊಂದು ನಾಚಿಕೆ. ಕಣ್ಣೀರು ತರಿಸುವ ಬರವಣಿಗೆ ಇಲ್ಲಿ ಸಲ್ಲದು ಎಂದು ಎರ್ನೋ ಪುಸ್ತಕದೊಳಗೇ ಹೇಳಿಬಿಡುತ್ತಾರೆ. ಊರಿಗೆ ಕಾಗದ ಬರೆಯುವಂಥ ಸಪಾಟು ವಾಕ್ಯಗಳು. ‘ಒಣಗಿದೆ’ ಎಂದು ಪುಸ್ತಕ ಮುಚ್ಚುವವರು ಎಡವುವುದು ಇಲ್ಲೇ: ಉಪಮೆ ಹುಡುಕುತ್ತಾರೆ, ಅಪ್ಪ ಏನು ತಿಂದ, ಏನು ಉಟ್ಟ ಎನ್ನುವ ವಿವರಗಳನ್ನು ಹಾರಿಸುತ್ತಾರೆ. ಇರುವುದೆಲ್ಲ ಆ ವಿವರದಲ್ಲೇ.

ಇದಕ್ಕೆ 1984ರಲ್ಲಿ ರೆನೊಡೊ ಎಂಬ ಫ್ರೆಂಚ್ ಸಾಹಿತ್ಯ ಪ್ರಶಸ್ತಿ ಬಂತು. ಅದಕ್ಕೂ ಮುಂಚಿನ ಮೂರು ಪುಸ್ತಕಗಳು ಕಾದಂಬರಿಗಳು. ಇಲ್ಲಿಂದ ಕಲ್ಪನೆಯನ್ನು ಕೈಬಿಟ್ಟರು. ಅಮ್ಮನ ಬಗೆಗಿನ ‘ಎ ವುಮನ್ಸ್ ಸ್ಟೋರಿ’ಯನ್ನು ಇದರ ಬೆನ್ನಿಗೇ ಓದಬಹುದು.

ಕಲ್ಪನೆ ಬಿಟ್ಟದ್ದರಿಂದ ಆದದ್ದೇನು? ಅದನ್ನು ನೋಡಲು ಎರಡು ಪುಸ್ತಕ ಪಕ್ಕಪಕ್ಕ ಇಟ್ಟುಕೊಳ್ಳಿ. 1964ರ ಜನವರಿಯಲ್ಲಿ, ರುವಾನ್ ನಗರದಲ್ಲಿ ಓದುತ್ತಿದ್ದಾಗ, ಎರ್ನೋ ಗುಟ್ಟಾಗಿ ಗರ್ಭಪಾತ ಮಾಡಿಸಿಕೊಂಡರು. ಆಗ ಅದು ಅಪರಾಧ. ಫ್ರಾನ್ಸಿನಲ್ಲಿ ಕಾನೂನು ಬದಲಾದದ್ದು 1975ರಲ್ಲಿ. 1974ರ ಮೊದಲ ಕಾದಂಬರಿ ‘ಕ್ಲೀನ್ಡ್ ಔಟ್’ನಲ್ಲಿ ಈ ಅನುಭವ ಡೆನೀಸ್ ಎಂಬ ಪಾತ್ರದ್ದು. ಸಿಟ್ಟು ಕುದಿಯುತ್ತದೆ, ಬೈಗುಳವೂ ಇದೆ. 2000ದ ‘ಹ್ಯಾಪನಿಂಗ್’ನಲ್ಲಿ ಅದೇ ಸಂಗತಿ ‘ನಾನು’ ಎಂದೇ ಬರುತ್ತದೆ, ದನಿ ಏರುವುದಿಲ್ಲ. ನನಗಂತೂ ಎರಡನೆಯದೇ ಹೆಚ್ಚು ಭಯ ಹುಟ್ಟಿಸುತ್ತದೆ. ಆಡ್ರೆ ದಿವಾನ್ ಅದನ್ನು ಸಿನಿಮಾ ಮಾಡಿದರು, 2021ರಲ್ಲಿ ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗೋಲ್ಡನ್ ಲಯನ್ ಬಂತು. ಸಿನಿಮಾ ಆಮೇಲೆ ನೋಡಿ.

‘ಸಿಂಪಲ್ ಪ್ಯಾಶನ್’ ತೆಳುವಾಗಿದೆ ಎಂದು ಅದರಿಂದ ಶುರು ಮಾಡಬೇಡಿ. ಇವರು ಪ್ರಣಯದ ಲೇಖಕಿ ಎಂಬ ತಪ್ಪು ಲೆಕ್ಕ ಬೀಳುತ್ತದೆ.

ಈಗ ‘ದಿ ಇಯರ್ಸ್’. ಫ್ರೆಂಚಿನಲ್ಲಿ 2008ರದ್ದು. ಆತ್ಮಕಥೆಯೇ, ಆದರೆ ‘ನಾನು’ ಇಲ್ಲ. ‘ಅವಳು’ ಮತ್ತು ‘ನಾವು’ ಮಾತ್ರ. ನಡುನಡುವೆ ಹಳೆಯ ಫೋಟೋಗಳ ವರ್ಣನೆ, ಹಬ್ಬದೂಟದ ಹರಟೆ. ಫ್ರಾನ್ಸಿನ ಜಾಹೀರಾತು, ರಾಜಕಾರಣಿಗಳ ಹೆಸರುಗಳು ಸಾಲುಸಾಲು ಬರುತ್ತವೆ. ಪ್ರತಿಯೊಂದನ್ನೂ ಗೂಗಲ್ ಮಾಡಲು ಹೋದರೆ ಲಯ ಕೆಡುತ್ತದೆ. ಫ್ರಾನ್ಸಿನ ಅಧ್ಯಕ್ಷರಾಗಿದ್ದ ದ ಗಾಲ್, ಫ್ರಾನ್ಸಿನಿಂದ ಬಿಡುಗಡೆಗಾಗಿ ನಡೆದ ಅಲ್ಜೀರಿಯಾ ಯುದ್ಧ, ವಿದ್ಯಾರ್ಥಿಗಳೂ ಕಾರ್ಮಿಕರೂ ಬೀದಿಗಿಳಿದ 1968ರ ಮೇ ಗಲಭೆ, ಈ ಮೂರು ಗೊತ್ತಿದ್ದರೆ ನಡೆಯುತ್ತದೆ. ಒಂದು ಫೋಟೋದಿಂದ ಇನ್ನೊಂದು ಫೋಟೋವರೆಗೆ ಒಂದೇ ಪಟ್ಟಿನಲ್ಲಿ ಓದಿ, ಅಲ್ಲಿ ನಿಲ್ಲಿಸಿ.