ಚೆ ಸಹಿಯ ಒಂದು ಪೆಸೊ

ಮೇಜಿನ ಮೇಲಿದ್ದದ್ದು ಕ್ಯೂಬಾದ ಒಂದು ಪೆಸೊ ನೋಟು. ಮುಂಬದಿಯಲ್ಲಿ ಕ್ಯೂಬಾದ ಸ್ವಾತಂತ್ರ್ಯ ಹೋರಾಟಗಾರ ಹೊಸೆ ಮಾರ್ತಿ, ಹಿಂಬದಿಯಲ್ಲಿ 1959ರಲ್ಲಿ ಹವಾನಾ ಹೊಕ್ಕ ಫಿಡೆಲ್ ಕ್ಯಾಸ್ಟ್ರೊ. 'ಚೆ ಗುವೇರಾ ಸಹಿಯದ್ದು' ಅಂತ ಹೇಳಿ ಮಾರಾಟಕ್ಕಿಟ್ಟಿದ್ದರು. ಇಂಥ ನೋಟು ಕೈಗೆ ಬಂದಾಗ ಸಹಿಗಿಂತ ಮೊದಲು ಇಸವಿ ಓದಬೇಕು. ಇದೇ ವಿನ್ಯಾಸ 1961, 1964, 1965ರಲ್ಲಿ ಅಚ್ಚಾಗಿದೆ. ಚೆ ಸಹಿ ಇರುವುದು 1961ರದ್ದರಲ್ಲಿ ಮಾತ್ರ. ಇದರ ಮೇಲೆ 1961 ಇತ್ತು.

ಚೆ ಕ್ಯೂಬಾದ ರಾಷ್ಟ್ರೀಯ ಬ್ಯಾಂಕಿನ ಅಧ್ಯಕ್ಷರಾದದ್ದು 1959ರ ನವೆಂಬರಿನಲ್ಲಿ. 1961ರ ಫೆಬ್ರವರಿಯಲ್ಲಿ ಅವರು ಕೈಗಾರಿಕಾ ಸಚಿವರಾದರು. ಚೆಕೊಸ್ಲೊವಾಕಿಯಾದಲ್ಲಿ ಅಚ್ಚಾದ ಈ ಹೊಸ ನೋಟುಗಳು ಜನರ ಕೈ ಸೇರಿದ್ದು ಆಗಸ್ಟಿನಲ್ಲಿ. ಅಂದರೆ ಕುರ್ಚಿ ಬಿಟ್ಟು ಹೋದವರ ಸಹಿ ಹೊತ್ತೇ ನೋಟು ಚಲಾವಣೆಗೆ ಬಂತು. ಆಗಸ್ಟ್ 6 ಮತ್ತು 7ರಂದು ಹಳೆಯ ನೋಟು ಬದಲಿಸಿಕೊಳ್ಳಲು ಅವಕಾಶವಿತ್ತು. ದೇಶ ಬಿಟ್ಟವರು ಕೊಂಡೊಯ್ದ ಹಣ ಬರೀ ಕಾಗದವಾಯಿತು. 1960ರ ಹಳೆಯ ವಿನ್ಯಾಸದ ನೋಟುಗಳಲ್ಲೂ ಚೆ ಸಹಿ ಇರುವುದರಿಂದ ಅವನ್ನೂ ಬಿಡದೆ ನೋಡಬೇಕು.

ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ. ಸಹಿ ಬರೀ 'ಚೆ' ಅಂತಷ್ಟೇ ಇರುತ್ತದೆ, ಅದೂ ನೋಟಿನ ಜೊತೆಗೇ ಅಚ್ಚಾದದ್ದು. ಪೆನ್ನಿನಲ್ಲಿ ಆಮೇಲೆ ಸೇರಿಸಿದ್ದಾದರೆ ಶಾಯಿ ಕಾಗದದ ಎಳೆಗಳಗುಂಟ ಹರಡಿರುತ್ತದೆ, ಕೆಳಗಿನ ಅಚ್ಚಿನ ಗೆರೆಗಳ ಮೇಲೆ ಹತ್ತಿ ಕೂತಿರುತ್ತದೆ. ಇಲ್ಲಿ ಹಾಗಿರಲಿಲ್ಲ.

ಟಾರ್ಚನ್ನು ನೋಟಿನ ಮಟ್ಟಕ್ಕೆ ಇಳಿಸಿ ಓರೆಯಾಗಿ ಬೆಳಕು ಹಾಯಿಸಿದಾಗ ನಡುವೆ ನಿಂತ ಒಂದು ಮಡಿಕೆ ಕಂಡಿತು. ಮೇಲಿನಿಂದ ನೋಡಿದರೆ ಅದರ ಸುಳಿವೇ ಇಲ್ಲ. ಇಸ್ತ್ರಿ ಹಾಕಿ ಅಥವಾ ತೂಕ ಹೇರಿ ಚಪ್ಪಟೆ ಮಾಡಿದ್ದಾರೆ ಅಂತ ಅನುಮಾನ ಬರುವುದು ಇಂಥಲ್ಲೇ. ನೋಟಿಗೆ ಇಸ್ತ್ರಿ ಹಾಕುವುದು ದೊಡ್ಡ ಅನ್ಯಾಯ: ಬೆರಳಿಗೆ ತಗುಲುವ ಅಚ್ಚಿನ ಉಬ್ಬು ಒಮ್ಮೆ ಅಳಿದರೆ ಮತ್ತೆ ಬರುವುದಿಲ್ಲ. ತೊಳೆಯುವುದೂ ಅಷ್ಟೇ ಕೆಟ್ಟದ್ದು. ಡಿಟರ್ಜೆಂಟಿನಲ್ಲಿ ಹೊಳಪಿನ ರಾಸಾಯನಿಕ ಇರುವುದರಿಂದ ತೊಳೆದ ಕಾಗದ ನೇರಳಾತೀತ ದೀಪದಡಿ ನೀಲಿಯಾಗಿ ಬೆಳಗುತ್ತದೆ. ಇದು ಬೆಳಗಲಿಲ್ಲ, ಉಬ್ಬೂ ಬೆರಳಿಗೆ ಸಿಕ್ಕಿತು.

ಮಾಮೂಲಿ ಪಿವಿಸಿ ಕವರಿನಲ್ಲಿಟ್ಟರೆ ಪ್ಲಾಸ್ಟಿಕ್ಕನ್ನು ಮೆದುವಾಗಿಡಲು ಅದರಲ್ಲಿ ಬೆರೆಸಿದ ರಾಸಾಯನಿಕ ವರ್ಷಗಟ್ಟಲೆ ಒಸರಿ ನೋಟು ಅಂಟಂಟಾಗುತ್ತದೆ. ಆದ್ದರಿಂದ ಇದು ಹೋದದ್ದು ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಕವರಿಗೆ. ಮಡಿಕೆ ಇದೆ ಅನ್ನುವುದನ್ನು ಪೆನ್ಸಿಲ್ಲಿನಲ್ಲಿ ಚೀಟಿಯ ಮೇಲೆ ಬರೆದು, ಆ ಚೀಟಿಯನ್ನು ಕವರಿನ ಹೊರಗೆ, ಆಲ್ಬಮ್ಮಿನ ಅದೇ ಪುಟದಲ್ಲಿ ಸಿಕ್ಕಿಸಿದ್ದಾಯಿತು.